ಆಪತ್ಕಾಲದಲ್ಲಿ ವಿಶ್ವವಿದ್ಯಾನಿಲಯದ ಮಾತು

ವಿಶ್ವವಿದ್ಯಾನಿಲಯವೆಂಬುದು ಮಾತಿನಿಂದಲೇ ನಡೆಯುವ ಸಂಸ್ಥೆ. ಪಾಠಪ್ರವಚನ, ಚರ್ಚೆ, ಪರೀಕ್ಷೆ, ಪ್ರಕಟಣೆ ಎಲ್ಲವೂ ಮಾತಿನ ಬೇರೆ ಬೇರೆ ರೂಪಗಳೇ ಆಗಿವೆ. ಹಾಗಿದ್ದೂ ತನ್ನ ಆವರಣದಲ್ಲಿಯೇ ಪ್ರಾಣಾಪಾಯ ಒದಗಿದ ಹೊತ್ತಿನಲ್ಲಿ ಈ ಸಂಸ್ಥೆಗೆ ಬಾಯಿ ಕಟ್ಟಿಹೋಗುವುದುಂಟು. ಬೆಂಕಿ, ನೆರೆ, ಸಾಂಕ್ರಾಮಿಕ ರೋಗ, ಕೊಲೆ, ಗಲಭೆ, ಆಪತ್ತು ಯಾವುದೇ ಆಗಿರಲಿ, ಅದರ ಮೊದಲ ಗಳಿಗೆಯಲ್ಲಿ ಯಾರು, ಯಾರಿಗೆ, ಏನನ್ನು, ಎಷ್ಟು ಬೇಗ ಹೇಳಬೇಕು ಎಂಬ ಪ್ರಶ್ನೆ ಏಳುತ್ತದೆ. ಆ ಗಳಿಗೆಯಲ್ಲಿ ಉತ್ತರವನ್ನು ಹುಡುಕತೊಡಗಿದರೆ ಕಾಲ ಮೀರಿರುತ್ತದೆ. ಪ್ರಕೃತ ಲೇಖನದಲ್ಲಿ ನಾವು ಪರಿಶೀಲಿಸಹೊರಟಿರುವುದು ಇದಕ್ಕೆ ಬೇಕಾದ ಪೂರ್ವಸಿದ್ಧತೆಯನ್ನು. ಉಪಕರಣಗಳ ಕೊರತೆಗಿಂತ, ಮಾತನಾಡುವ ಅಧಿಕಾರದ ಹಂಚಿಕೆಯಲ್ಲಿನ ತೊಡಕೂ ಕೇಳುವವರ ವಿವೇಕದಲ್ಲಿನ ಅಪನಂಬಿಕೆಯೂ ಇಂಥ ವೇಳೆಯಲ್ಲಿ ಹೆಚ್ಚು ಹಾನಿ ಮಾಡುತ್ತವೆ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಆಧಾರವಾಗಿ ಮುಖ್ಯವಾಗಿ ಒಂದೇ ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡುತ್ತೇವೆ.

ಸಾಮಾನ್ಯ ಕಾಲದಲ್ಲಿ ವಿಶ್ವವಿದ್ಯಾನಿಲಯದ ಅಧಿಕೃತ ಮಾತು ಸುತ್ತೋಲೆಯ ರೂಪದಲ್ಲಿ ಹೊರಡುತ್ತದೆ. ವಿಭಾಗದಿಂದ ಒಂದು ಟಿಪ್ಪಣಿ, ಅದರ ಮೇಲೆ ಅಧೀಕ್ಷಕರ ಷರಾ, ಕುಲಸಚಿವರ ಅಂಗೀಕಾರ, ಕರಡು, ತಿದ್ದುಪಡಿ, ರುಜು, ಕಡೆಗೆ ಸೂಚನಾಫಲಕ. ಬೆರಳಚ್ಚು ಯಂತ್ರದ ಸ್ಥಾನದಲ್ಲಿ ಗಣಕಯಂತ್ರ ಬಂದಿದ್ದರೂ ಈ ಮೆಟ್ಟಿಲುಗಳು ಹಾಗೆಯೇ ಇವೆ. ಇದನ್ನು ಹಾಸ್ಯಮಾಡುವುದು ಸುಲಭ. ಆದರೆ ಈ ನಿಧಾನಕ್ಕೆ ತಕ್ಕ ಕಾರಣವಿಲ್ಲದಿಲ್ಲ. ಪರೀಕ್ಷೆಯ ದಿನಾಂಕವೊಂದು ತಪ್ಪಾಗಿ ಪ್ರಕಟವಾದರೆ ಸಾವಿರಾರು ವಿದ್ಯಾರ್ಥಿಗಳು ತೊಂದರೆಗೊಳಗಾಗುತ್ತಾರೆ; ಒಮ್ಮೆ ರುಜುಮಾಡಿ ಹೊರಡಿಸಿದ ಮಾತು ನ್ಯಾಯಾಲಯದ ಕಟಕಟೆಯಲ್ಲಿ ಸಾಕ್ಷಿಯಾಗಬಲ್ಲುದು. ಪೂರ್ತಿ ತಿಳಿದ ಮೇಲೆ ಹೇಳುವುದು, ಹೇಳಿದುದಕ್ಕೆ ಬದ್ಧವಾಗಿರುವುದು, ಇವು ವಿದ್ಯಾಸಂಸ್ಥೆಯ ಮಾತಿನ ಗುಣಗಳು. ಆಪತ್ತಿನಲ್ಲಿಯಾದರೋ ಪೂರ್ತಿ ತಿಳಿಯುವುದು ಸಾಧ್ಯವಿಲ್ಲ, ಕಾಯುವುದಕ್ಕೆ ಕಾಲವೂ ಇಲ್ಲ. ಸಾಮಾನ್ಯ ಕಾಲದ ಗುಣವೇ ಆಗ ದೋಷವಾಗಿ ಪರಿಣಮಿಸುತ್ತದೆ.

ಈ ಮಾತಿಗೆ ಅತ್ಯಂತ ದಾರುಣವಾದ ನಿದರ್ಶನ ಅಮೆರಿಕದ ವರ್ಜೀನಿಯಾ ರಾಜ್ಯದ ಬ್ಲಾಕ್ಸ್‌ಬರ್ಗ್ ಎಂಬ ಊರಿನಲ್ಲಿರುವ, ಜನರು ಸಂಕ್ಷೇಪವಾಗಿ ವರ್ಜೀನಿಯಾ ಟೆಕ್ ಎಂದು ಕರೆಯುವ ವಿಶ್ವವಿದ್ಯಾನಿಲಯದಲ್ಲಿ ೨೦೦೭ನೆಯ ಇಸವಿ ಏಪ್ರಿಲ್ ೧೬ರಂದು ನಡೆದ ದುರಂತ. ಅಂದು ಒಬ್ಬ ವಿದ್ಯಾರ್ಥಿ ಮೂವತ್ತೆರಡು ಜನರನ್ನು ಗುಂಡಿಕ್ಕಿ ಕೊಂದು ತಾನೂ ಪ್ರಾಣ ಕಳೆದುಕೊಂಡನು. ಮಡಿದವರಲ್ಲಿ, ತಮಿಳುನಾಡಿನಲ್ಲಿ ಹುಟ್ಟಿ ಅಲ್ಲಿ ಸಿವಿಲ್ ಎಂಜಿನಿಯರಿಂಗ್ ಬೋಧಿಸುತ್ತಿದ್ದ ಪ್ರಾಧ್ಯಾಪಕ ಜಿ. ವಿ. ಲೋಗನಾಥನ್ ಅವರೂ ಮುಂಬಯಿಯಿಂದ ಉನ್ನತ ವ್ಯಾಸಂಗಕ್ಕೆ ಹೋಗಿದ್ದ ಒಬ್ಬ ವಿದ್ಯಾರ್ಥಿನಿಯೂ ಇದ್ದರು. ಆದಕಾರಣ ಈ ಪ್ರಕರಣ ನಮಗೆ ಪೂರ್ತಿ ಪರಕೀಯವಲ್ಲ. ಆದರೆ ನಾವು ಇದನ್ನು ಆರಿಸಿಕೊಂಡುದಕ್ಕೆ ಬೇರೊಂದು ಕಾರಣವುಂಟು. ರಾಜ್ಯದ ಗವರ್ನರು ನೇಮಿಸಿದ ಎಂಟು ಜನ ಸದಸ್ಯರ ಪರಿಶೀಲನ ಸಮಿತಿಯೊಂದು ಅದೇ ವರ್ಷದ ಆಗಸ್ಟಿನಲ್ಲಿ ತನ್ನ ವರದಿಯನ್ನು ಕೊಟ್ಟಿತು. ಆ ದಿನ ಯಾವ ನಿಮಿಷದಲ್ಲಿ ಯಾರಿಗೆ ಏನು ಗೊತ್ತಿತ್ತು, ಯಾರು ಏನು ಹೇಳಿದರು ಎಂಬುದೆಲ್ಲ ಅದರಲ್ಲಿ ದಾಖಲಾಗಿದೆ. ಒಂದು ವಿಶ್ವವಿದ್ಯಾನಿಲಯದ ಮೌನವನ್ನು ಗಡಿಯಾರವಿಟ್ಟು ಅಳೆದ ದಾಖಲೆಗಳು ವಿರಳ.

ಅಂದು ಸೋಮವಾರ. ಬೆಳಿಗ್ಗೆ ೭ ಗಂಟೆ ೧೫ ನಿಮಿಷದ ಸುಮಾರಿಗೆ ಒಂದು ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಗುಂಡೇಟು ಬಿದ್ದಿತು. ವಿಶ್ವವಿದ್ಯಾನಿಲಯಕ್ಕೆ ತನ್ನದೇ ಆದ ಪೋಲೀಸ್ ದಳವಿತ್ತು. ೭ ಗಂಟೆ ೨೪ ನಿಮಿಷಕ್ಕೆ ಅದರ ಅಧಿಕಾರಿ ಸ್ಥಳದಲ್ಲಿದ್ದನು. ಇದರಲ್ಲಿ ಆಕ್ಷೇಪಿಸತಕ್ಕುದು ಏನೂ ಇಲ್ಲ. ಮುಂದಿನ ತನಿಖೆಯಲ್ಲಿ ಪೋಲೀಸರ ಅನುಮಾನ ಹತರಾದವರಲ್ಲೊಬ್ಬಳ ಸ್ನೇಹಿತನ ಮೇಲೆ ಹೋಯಿತು. ಇದು ಅವರಿಬ್ಬರ ನಡುವಿನ ಖಾಸಗಿ ವಿಷಯ, ಆತ ಊರು ಬಿಟ್ಟು ಹೋಗಿರಬೇಕು, ಆವರಣಕ್ಕೆ ಇನ್ನು ಅಪಾಯವಿಲ್ಲ ಎಂದು ಊಹಿಸಲಾಯಿತು. ೮ ಗಂಟೆ ೧೧ ನಿಮಿಷಕ್ಕೆ ಸುದ್ದಿ ವಿಶ್ವವಿದ್ಯಾನಿಲಯದ ಅಧ್ಯಕ್ಷರಿಗೆ ತಲಪಿತು. ೮ ಗಂಟೆ ೨೫ ನಿಮಿಷಕ್ಕೆ ಅವರ ನೇತೃತ್ವದಲ್ಲಿ ಹಿರಿಯ ಅಧಿಕಾರಿಗಳ ನೀತಿಮಂಡಲಿ ಸಭೆ ಸೇರಿ, ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಚರ್ಚಿಸತೊಡಗಿತು. ಈ ಚರ್ಚೆ ಒಂದು ಗಂಟೆಯ ಕಾಲ ನಡೆಯಿತು. ಸಭೆಯಲ್ಲಿದ್ದ ಒಬ್ಬರು ರಾಜಧಾನಿಯಲ್ಲಿದ್ದ ತಮ್ಮ ಸಹೋದ್ಯೋಗಿಗೆ, ಕೊಲೆಗಾರ ಸಿಕ್ಕಿಲ್ಲ, ಆದರೆ ಇದನ್ನು ಹೊರಗೆ ಹೇಳತಕ್ಕುದಲ್ಲ ಎಂಬರ್ಥದ ಇ-ಮೇಲನ್ನು ಆ ನಡುವೆಯೇ ಬರೆದರು. ಊರಿನ ಶಾಲೆಗಳು ಅಷ್ಟರಲ್ಲಿ ತಮ್ಮ ಬಾಗಿಲುಗಳನ್ನು ಭದ್ರಪಡಿಸಿಕೊಂಡಿದ್ದವು. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಮಾತ್ರ ಎಂದಿನಂತೆ ತರಗತಿಗಳಿಗೆ ಹೋಗುತ್ತಿದ್ದರು.

ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಮೊದಲ ಇ-ಮೇಲ್ ಹೊರಟುದು ೯ ಗಂಟೆ ೨೬ ನಿಮಿಷಕ್ಕೆ. ವಿದ್ಯಾರ್ಥಿನಿಲಯದಲ್ಲಿ ಗುಂಡಿನ ಪ್ರಕರಣವೊಂದು ನಡೆದಿದೆ, ಪೋಲೀಸರು ತನಿಖೆ ನಡೆಸುತ್ತಿದ್ದಾರೆ, ಎಚ್ಚರದಿಂದಿರಿ, ಅನುಮಾನಾಸ್ಪದವಾದುದು ಕಂಡರೆ ತಿಳಿಸಿ. ಇಷ್ಟೇ ಅದರ ಸಾರ. ಇಬ್ಬರು ಗುಂಡಿಗೆ ಬಲಿಯಾಗಿದ್ದಾರೆಂದಾಗಲಿ, ಹೊಡೆದವನು ಸಿಕ್ಕಿಲ್ಲವೆಂದಾಗಲಿ ಅದರಲ್ಲಿರಲಿಲ್ಲ. ಅದೇ ಹೊತ್ತಿನಲ್ಲಿ ಪೋಲೀಸರು ತಾವು ಅನುಮಾನಿಸಿದ್ದ ವ್ಯಕ್ತಿಯನ್ನು ಹೆದ್ದಾರಿಯಲ್ಲಿ ತಡೆದು ವಿಚಾರಿಸುತ್ತಿದ್ದರು. ನಿಜವಾದ ಕೊಲೆಗಾರನು ಈ ನಡುವಣ ಎರಡು ಗಂಟೆಗಳಲ್ಲಿ ಅಂಚೆಕಚೇರಿಗೆ ಹೋಗಿ ನ್ಯೂಯಾರ್ಕಿನ ದೂರದರ್ಶನ ಸಂಸ್ಥೆಯೊಂದಕ್ಕೆ ಕಟ್ಟೊಂದನ್ನು ರವಾನಿಸಿ, ನಾರಿಸ್ ಹಾಲ್ ಎಂಬ ಎಂಜಿನಿಯರಿಂಗ್ ಕಟ್ಟಡಕ್ಕೆ ಬಂದು, ಅದರ ಹೆಬ್ಬಾಗಿಲುಗಳಿಗೆ ಒಳಗಿನಿಂದ ಸರಪಳಿ ಬಿಗಿದಿದ್ದನು. ೯ ಗಂಟೆ ೪೦ ನಿಮಿಷದ ಸುಮಾರಿಗೆ ಅಲ್ಲಿ ಗುಂಡಿನ ಸದ್ದು ಕೇಳಿಸಿತು. ಬಂದೂಕುಧಾರಿ ಆವರಣದಲ್ಲಿದ್ದಾನೆ, ಕಟ್ಟಡಗಳ ಒಳಗೇ ಇರಿ, ಕಿಟಕಿಗಳಿಂದ ದೂರವಿರಿ ಎಂಬ ಎರಡನೆಯ ಸಂದೇಶ ೯ ಗಂಟೆ ೫೦ ನಿಮಿಷಕ್ಕೆ ಹೊರಟಿತು. ಅದಾದ ಒಂದು ನಿಮಿಷಕ್ಕೆ ಎಲ್ಲವೂ ಮುಗಿದಿತ್ತು. ಹನ್ನೊಂದು ನಿಮಿಷಗಳಷ್ಟು ಅವಧಿಯಲ್ಲಿ ಆ ಒಂದು ಕಟ್ಟಡದಲ್ಲಿಯೇ ಮೂವತ್ತು ಜನರು ಹತರಾಗಿದ್ದರು.

ಇಲ್ಲಿ ಇನ್ನೊಂದು ಸಣ್ಣ ಸಂಗತಿಯನ್ನು ಹೇಳಬೇಕು. ಸರಪಳಿ ಬಿಗಿದಿದ್ದ ಬಾಗಿಲೊಂದರ ಬಳಿ, ತೆರೆದರೆ ಬಾಂಬು ಸಿಡಿಯುವುದೆಂಬ ಬೆದರಿಕೆಯ ಚೀಟಿಯೊಂದು ಅಧ್ಯಾಪಕರೊಬ್ಬರ ಕಣ್ಣಿಗೆ ಬಿದ್ದಿತು. ಆ ಚೀಟಿ ಪೋಲೀಸರಿಗೆ ಹೋಗಲಿಲ್ಲ. ಅದೇ ಕಟ್ಟಡದ ಮೂರನೆಯ ಅಂತಸ್ತಿನಲ್ಲಿದ್ದ ನಿಕಾಯದ ಮುಖ್ಯಸ್ಥರ ಕಚೇರಿಗೆ ಹೋಯಿತು. ಇಂಥ ಬೆದರಿಕೆಯನ್ನು ನೇರವಾಗಿ ಪೋಲೀಸರಿಗೆ ತಿಳಿಸತಕ್ಕುದೆಂಬ ಸೂಚನೆ ಅಲ್ಲಿ ಇದ್ದೇ ಇತ್ತು. ಆದರೆ ಕಾಗದ ಸಿಕ್ಕಿದರೆ ಮೇಲಧಿಕಾರಿಗೆ ಒಪ್ಪಿಸಬೇಕೆಂಬುದು ನಾವು ಯಾರೂ ಬೇರೆಯಾಗಿ ಕಲಿಯಬೇಕಾಗಿಲ್ಲದ ಅಭ್ಯಾಸವಾಗಿದೆ. ಓದುಗರು ತಮ್ಮ ಕಾಲೇಜನ್ನು ಮನಸ್ಸಿಗೆ ತಂದುಕೊಂಡು, ತಮ್ಮ ಕೈಗೆ ಅಂಥ ಚೀಟಿ ಸಿಕ್ಕಿದ್ದರೆ ಎಲ್ಲಿಗೆ ಕೊಂಡೊಯ್ಯುತ್ತಿದ್ದರೆಂದು ಯೋಚಿಸಿ ನೋಡಬಹುದು.

ವಿಳಂಬಕ್ಕೆ ಕಾರಣವೇನು? ಉಪಕರಣವಿರಲಿಲ್ಲವೆಂದು ಹೇಳುವಂತಿಲ್ಲ. ಎಲ್ಲರಿಗೂ ಏಕಕಾಲದಲ್ಲಿ ಇ-ಮೇಲ್ ಕಳಿಸುವ ವ್ಯವಸ್ಥೆ ಇತ್ತು, ದೂರವಾಣಿಯ ಮೂಲಕ ಸಂದೇಶ ಮುಟ್ಟಿಸುವ ಏರ್ಪಾಡಿತ್ತು, ಕೆಲವು ಧ್ವನಿವರ್ಧಕಗಳೂ ಇದ್ದುವು. ಆದರೆ ಸಂದೇಶವನ್ನು ಹೊರಡಿಸುವ ಸಾಧನ ಪೋಲೀಸರ ಕೈಯಲ್ಲಿರಲಿಲ್ಲ. ಸ್ಥಳದಲ್ಲಿದ್ದು ಸಂಗತಿಯನ್ನು ಬಲ್ಲವರು ನೀತಿಮಂಡಲಿಯ ನಿರ್ಣಯಕ್ಕಾಗಿ ಕಾಯಬೇಕಾಗಿತ್ತು. ಆ ಮಂಡಲಿಯಲ್ಲಿ ಪೋಲೀಸರಿಗೆ ಸ್ಥಾನವಿರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆ ಇಲ್ಲಿಗೆ ಸರಿಯಾಗಿ ಹೊಂದುವುದಿಲ್ಲ. ಬಾವಿ ಇತ್ತು, ಹಗ್ಗ ಬೇರೆಯವರ ಮನೆಯಲ್ಲಿತ್ತು. ಪರಿಶೀಲನ ಸಮಿತಿ ಬಹುವಾಗಿ ಒತ್ತಿ ಹೇಳಿದ ಅಂಶಗಳಲ್ಲಿ ಇದೊಂದು. ಪೋಲೀಸರು ತಮ್ಮ ಮೊದಲ ಊಹೆಯನ್ನು ಅಷ್ಟು ಬೇಗ ನಂಬಿಬಿಟ್ಟುದು ತಪ್ಪೆಂದೂ ಸಮಿತಿ ಹೇಳಿತು. ಅದು ನಿಜವೇ. ಆದರೆ ಅನುಮಾನ ಒಬ್ಬನ ಮೇಲಿದ್ದರೂ ಆತ ಇನ್ನೂ ಸಿಕ್ಕಿರಲಿಲ್ಲವೆಂಬುದನ್ನು ಮರೆಯಲಾಗದು. ಊಹೆ ಸರಿಯಿದ್ದಿದ್ದರೂ, ಎಂಟು ಗಂಟೆಯ ವೇಳೆಗೆ, ಬಂದೂಕು ಹಿಡಿದ ಮನುಷ್ಯನೊಬ್ಬ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ ಎಂಬಷ್ಟನ್ನು ಹೇಳಲು ಅಡ್ಡಿಯೇನೂ ಇರಲಿಲ್ಲ.

ಅಡ್ಡಿಯಾದುದು ಇನ್ನೊಂದು, ಅದು ಭಯ. ಆದರೆ ಕೊಲೆಗಾರನ ಭಯವಲ್ಲ, ವಿದ್ಯಾರ್ಥಿಗಳ ಭಯದ ಭಯ. ಇದಕ್ಕೆ ಹಿನ್ನೆಲೆಯಿತ್ತು. ಹಿಂದಿನ ವರ್ಷ, ೨೦೦೬ರ ಆಗಸ್ಟಿನಲ್ಲಿ, ತರಗತಿಗಳು ಆರಂಭವಾದ ದಿನವೇ, ಪೋಲೀಸ್ ಕಾವಲಿನಿಂದ ತಪ್ಪಿಸಿಕೊಂಡ ಕೈದಿಯೊಬ್ಬ ಇಬ್ಬರನ್ನು ಕೊಂದು ಆವರಣದ ಸಮೀಪದಲ್ಲಿ ಅಡಗಿದ್ದನು. ಆಗ ಆವರಣದಲ್ಲಿ ಗಾಳಿಸುದ್ದಿಗಳು ಹಬ್ಬಿ ಗೊಂದಲವಾಯಿತು. ಮತ್ತೆ ಅಂಥ ಕಳವಳವಾದೀತೆಂಬ ಯೋಚನೆ ಏಪ್ರಿಲ್ ೧೬ರ ಸಭೆಯಲ್ಲಿದ್ದವರನ್ನು ಕಾಡಿತು. ಆಡಳಿತಗಾರರು ಸುದ್ದಿಯನ್ನು ತಡೆಹಿಡಿದಾಗಲೆಲ್ಲ ಜನ ಗಾಬರಿಗೊಂಡಾರು ಎಂಬ ಈ ಮಾತನ್ನೇ ಹೇಳುವುದು ವಾಡಿಕೆ. ಗಾಬರಿ ಎಂಬುದು ಸಾಮಾನ್ಯವಾಗಿ ಸುದ್ದಿಯಿಂದ ಬರುವುದಿಲ್ಲ, ಅರ್ಧ ಸುದ್ದಿಯಿಂದ ಬರುತ್ತದೆ. ಅಪಾಯವಿದೆ ಎಂದು ಕೇಳಿಯೂ ಏನು ಮಾಡಬೇಕೆಂದು ತಿಳಿಯದವನು ಓಡುತ್ತಾನೆ. ಬಾಗಿಲು ಹಾಕಿಕೊಳ್ಳಿ ಎಂದು ಸ್ಪಷ್ಟವಾಗಿ ಹೇಳಿಸಿಕೊಂಡವನು ಬಹುಮಟ್ಟಿಗೆ ಬಾಗಿಲು ಹಾಕಿಕೊಳ್ಳುತ್ತಾನೆ. ಹದಿನೆಂಟು ವರ್ಷ ತುಂಬಿದವರಿಗೆ ಮತ ಹಾಕುವ ಹಕ್ಕನ್ನು ಕೊಟ್ಟ ಸಮಾಜ, ತಮ್ಮ ಪ್ರಾಣದ ವಿಷಯವನ್ನು ತಿಳಿಯುವ ಹಕ್ಕನ್ನು ಅವರಿಗೆ ಕೊಡಲು ಹಿಂಜರಿಯಬಾರದು.

ಮೊದಲೇ ಎಚ್ಚರಿಸಿದ್ದರೆ ದುರಂತ ತಪ್ಪುತ್ತಿತ್ತೆ? ಸಮಿತಿ ಇಲ್ಲಿ ಬಹು ಸಂಯಮದಿಂದ ಮಾತನಾಡಿದೆ. ಸುಮಾರು ೨,೬೦೦ ಎಕರೆಗಳ ಆವರಣ, ನೂರಕ್ಕೆ ಮೀರಿದ ಕಟ್ಟಡಗಳು, ಅನೇಕ ದಾರಿಗಳು. ಇದನ್ನು ಒಂದು ಶಾಲೆಯಂತೆ ಬೀಗಹಾಕಿ ಭದ್ರಪಡಿಸುವುದು ಆಗದ ಮಾತು. ಕೊಲ್ಲಲೆಂದೇ ಹೊರಟವನು, ತಾನೂ ವಿದ್ಯಾರ್ಥಿಯೇ ಆಗಿದ್ದು, ಇನ್ನೊಂದು ಕಟ್ಟಡಕ್ಕೆ ಹೋಗಬಹುದಿತ್ತು. ಆದರೆ ಎಚ್ಚರಿಕೆ ಎಷ್ಟು ಬೇಗ, ಎಷ್ಟು ಸ್ಪಷ್ಟವಾಗಿ ಬರುತ್ತದೆಯೋ ವ್ಯಕ್ತಿಯೊಬ್ಬನು ಉಳಿಯುವ ಸಂಭವ ಅಷ್ಟು ಹೆಚ್ಚು ಎಂಬುದನ್ನು ಸಮಿತಿ ಒಪ್ಪಿತು. ನಾರಿಸ್ ಹಾಲಿನಲ್ಲಿ ರೊಮೇನಿಯಾ ದೇಶದ ಮೂಲದ ವೃದ್ಧ ಪ್ರಾಧ್ಯಾಪಕ ಲಿವಿಯು ಲಿಬ್ರೆಸ್ಕು ಅವರು ಬಾಗಿಲಿಗೆ ಅಡ್ಡನಿಂತು, ತಮ್ಮ ವಿದ್ಯಾರ್ಥಿಗಳು ಕಿಟಕಿಯಿಂದ ಹಾರಿ ಪಾರಾಗುವಂತೆ ಮಾಡಿ, ತಾವು ಗುಂಡಿಗೆ ಬಲಿಯಾದರು. ಇನ್ನೊಂದು ಕೊಠಡಿಯಲ್ಲಿ ವಿದ್ಯಾರ್ಥಿಗಳು ಮೇಜನ್ನು ಬಾಗಿಲಿಗೆ ಒತ್ತಿಹಿಡಿದು ಬದುಕಿಕೊಂಡರು. ಸದ್ದು ಕೇಳಿದ ಮೇಲೆ ಸಿಕ್ಕಿದ ಕೆಲವೇ ಕ್ಷಣಗಳಲ್ಲಿ ಅವರು ಇಷ್ಟನ್ನು ಮಾಡಿದರು.

ಇನ್ನು ಸಂದೇಶದ ಭಾಷೆಯ ವಿಷಯ. ಇದು ಭಾಷೆಯನ್ನು ಬೋಧಿಸುವವರು ಗಮನಿಸಬೇಕಾದುದಾದರೂ ಹೆಚ್ಚಾಗಿ ಯಾರೂ ಗಮನಿಸಿದಂತೆ ಕಾಣುವುದಿಲ್ಲ. ನಮ್ಮ ಕಚೇರಿಗಳಲ್ಲಿ ಇಂಥ ವೇಳೆಗೆಂದೇ ಕೆಲವು ಮಾತುಗಳು ಕಾದಿರುತ್ತವೆ: 'ಅಹಿತಕರ ಘಟನೆ', 'ಸೂಕ್ತ ಕ್ರಮ ಕೈಗೊಳ್ಳಲಾಗಿದೆ', 'ಪರಿಸ್ಥಿತಿ ಹತೋಟಿಯಲ್ಲಿದೆ', 'ಯಾರೂ ಆತಂಕಪಡಬೇಕಾಗಿಲ್ಲ'. ಈ ವಾಕ್ಯಗಳಲ್ಲಿ ಕರ್ತೃವಿಲ್ಲ, ಸ್ಥಳವಿಲ್ಲ, ವೇಳೆಯಿಲ್ಲ. ಓದಿದವನು ಮಾಡಬೇಕಾದ ಕೆಲಸವೂ ಇಲ್ಲ. ಸಂಸ್ಥೆಯ ಮಾನವನ್ನು ಕಾಯುವುದಕ್ಕೆಂದು ಹುಟ್ಟಿದ ಭಾಷೆ ಇದು. ಮನುಷ್ಯನ ಪ್ರಾಣವನ್ನು ಕಾಯಲಾರದು. ಇದಕ್ಕೆ ಪ್ರತಿಯಾಗಿ ಇಂಥದೊಂದು ಸಂದೇಶವನ್ನು ಕಲ್ಪಿಸಿಕೊಳ್ಳಬಹುದು: 'ಮಹಿಳಾ ವಿದ್ಯಾರ್ಥಿನಿಲಯದಲ್ಲಿ ಇಂದು ಬೆಳಿಗ್ಗೆ ೬ ಗಂಟೆಯಿಂದ ಹಲವರಿಗೆ ವಾಂತಿಭೇದಿಯಾಗಿದೆ. ಕಾರಣ ಇನ್ನೂ ಗೊತ್ತಾಗಿಲ್ಲ. ಆವರಣದ ಕೊಳಾಯಿ ನೀರನ್ನು ಯಾರೂ ಕುಡಿಯಬೇಡಿ. ಅಸ್ವಸ್ಥರಾದವರು ಆರೋಗ್ಯಕೇಂದ್ರಕ್ಕೆ ಬನ್ನಿ, ವಾಹನ ನಿಲಯದ ಬಾಗಿಲಿನಲ್ಲಿದೆ. ಮುಂದಿನ ಸೂಚನೆ ೯ ಗಂಟೆಗೆ.' ಇದರಲ್ಲಿ ಪಾಂಡಿತ್ಯವಿಲ್ಲ. ಆದರೆ ಏನಾಯಿತು, ಎಲ್ಲಿ, ಯಾವಾಗ, ಏನು ತಿಳಿದಿಲ್ಲ, ಏನು ಮಾಡಬೇಕು, ಮತ್ತೆ ಯಾವಾಗ ಹೇಳುತ್ತೇವೆ ಎಂಬುದೆಲ್ಲ ಇದೆ. 'ಕಾರಣ ಇನ್ನೂ ಗೊತ್ತಾಗಿಲ್ಲ' ಎಂಬ ಮೂರು ಪದಗಳನ್ನು ಬರೆಯಲು ಅಧಿಕಾರಿಗಳಿಗೆ ಬಹಳ ಧೈರ್ಯ ಬೇಕಾಗುತ್ತದೆ. ಆದರೆ ಓದುವವನಿಗೆ ಉಳಿದ ಮಾತುಗಳಲ್ಲಿ ನಂಬಿಕೆ ಹುಟ್ಟುವುದು ಆ ಮೂರು ಪದಗಳಿಂದಲೇ. ಮುಂದಿನ ಸೂಚನೆಯ ವೇಳೆಯನ್ನು ಹೇಳಿದ ಮೇಲೆ, ಹೊಸದೇನೂ ಇಲ್ಲದಿದ್ದರೂ, ಆ ವೇಳೆಗೆ ಸರಿಯಾಗಿ ಹೊಸದೇನೂ ಇಲ್ಲವೆಂದು ಹೇಳಲೇಬೇಕು. ಇಂಥ ಸಂದೇಶಗಳ ಕರಡುಗಳನ್ನು ಆಪತ್ತಿಗೆ ಮುಂಚೆಯೇ ಬರೆದು, ಸ್ಥಳ ವೇಳೆಗಳನ್ನು ಮಾತ್ರ ಖಾಲಿಬಿಟ್ಟು, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಸಿದ್ಧವಾಗಿಟ್ಟುಕೊಂಡಿರುವುದು ಕಷ್ಟದ ಕೆಲಸವೇನೂ ಅಲ್ಲ.

ಅಮೆರಿಕದಲ್ಲಿ ಈ ವಿಷಯಕ್ಕೆ ಕಾನೂನಿನ ಬಲವೂ ಉಂಟು. ೧೯೮೬ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿ ಜೀನ್ ಕ್ಲೆರಿ ಎಂಬವಳು ತನ್ನ ನಿಲಯದ ಕೊಠಡಿಯಲ್ಲಿಯೇ ಕೊಲೆಯಾದಳು. ಆಕೆಯ ತಂದೆತಾಯಿಗಳ ಪ್ರಯತ್ನದಿಂದ ೧೯೯೦ರಲ್ಲಿ ಶಾಸನವೊಂದು ಬಂದು, ಮುಂದೆ ಆಕೆಯ ಹೆಸರನ್ನೇ ಪಡೆಯಿತು. ಆವರಣದಲ್ಲಿ ನಡೆದ ಅಪರಾಧಗಳನ್ನು ವರ್ಷವರ್ಷವೂ ಪ್ರಕಟಿಸಬೇಕು, ಅಪಾಯವಿರುವಲ್ಲಿ ಸಕಾಲದಲ್ಲಿ ಎಚ್ಚರಿಸಬೇಕು ಎಂಬುದು ಅದರ ವಿಧಿ. ಈ ವಿಧಿಯನ್ನು ಮೀರಿದುದಕ್ಕಾಗಿ ವರ್ಜೀನಿಯಾ ಟೆಕ್‌ಗೆ ೨೦೧೧ರಲ್ಲಿ ೫೫,೦೦೦ ಡಾಲರುಗಳ ದಂಡ ಬಿದ್ದಿತು. ಮೇಲ್ಮನವಿಯಲ್ಲಿ ಅದು ಇಳಿಯಿತು. ಇದಕ್ಕೆ ವಿರುದ್ಧವಾಗಿ, ಎರಡು ಕುಟುಂಬಗಳು ಹೂಡಿದ ದಾವೆಯಲ್ಲಿ ೨೦೧೨ರಲ್ಲಿ ಪಂಚಾಯ್ತರು ವಿಶ್ವವಿದ್ಯಾನಿಲಯದ ಅಜಾಗ್ರತೆಯನ್ನು ಎತ್ತಿಹಿಡಿದರೂ, ವರ್ಜೀನಿಯಾದ ಸರ್ವೋಚ್ಚ ನ್ಯಾಯಾಲಯ ೨೦೧೩ರಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ಅಂದು ತಿಳಿದಿದ್ದ ಸಂಗತಿಗಳ ಮೇಲೆ ಎರಡನೆಯ ಹತ್ಯೆಯನ್ನು ಮುಂಗಾಣುವುದು ಸಾಧ್ಯವಿರಲಿಲ್ಲ, ಆದಕಾರಣ ಎಚ್ಚರಿಸುವ ಕಾನೂನುಬದ್ಧ ಹೊಣೆಯಿರಲಿಲ್ಲ ಎಂಬುದು ನ್ಯಾಯಾಲಯದ ಮತ. ಹಿಂದಿರುಗಿ ನೋಡಿದಾಗ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ, ಆ ಗಳಿಗೆಯಲ್ಲಿ ಹಾಗಿರುವುದಿಲ್ಲ ಎಂಬ ವಿಶ್ವವಿದ್ಯಾನಿಲಯದ ವಾದವನ್ನು ನಾವೂ ಲಘುವಾಗಿ ಕಾಣಲಾರೆವು. ಆದರೆ ಕಾನೂನಿನ ಹೊಣೆ ಎಲ್ಲಿಗೆ ಮುಗಿಯಿತೋ ಅಲ್ಲಿಗೆ ಗುರುವಿನ ಹೊಣೆ ಮುಗಿಯುವುದಿಲ್ಲವಷ್ಟೆ. ೨೦೦೮ರ ತಿದ್ದುಪಡಿಯಂತೆ ಈಗ ಅಲ್ಲಿ, ಪ್ರಾಣಾಪಾಯ ಖಚಿತವಾದೊಡನೆಯೇ ಎಲ್ಲರಿಗೂ ತಿಳಿಸಬೇಕು, ತಿಳಿಸುವ ವ್ಯವಸ್ಥೆಯನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿ ನೋಡಬೇಕು.

ಹೊಸ ವ್ಯವಸ್ಥೆಯ ಪರೀಕ್ಷೆ ೨೦೧೧ರಲ್ಲಿ ಎರಡು ಸಲ ಆಯಿತು. ಆಗಸ್ಟಿನಲ್ಲಿ, ಬೇಸಿಗೆಯ ಶಿಬಿರಕ್ಕೆ ಬಂದಿದ್ದ ಮಕ್ಕಳು ಬಂದೂಕಿನಂಥದನ್ನು ಹಿಡಿದ ಮನುಷ್ಯನೊಬ್ಬನನ್ನು ಕಂಡೆವೆಂದರು. ಕೂಡಲೇ ಎಲ್ಲರಿಗೂ ಸಂದೇಶ ಹೋಗಿ ಗಂಟೆಗಟ್ಟಲೆ ಆವರಣವೆಲ್ಲ ಬಾಗಿಲು ಹಾಕಿಕೊಂಡಿತು. ಅಂಥ ಮನುಷ್ಯ ಸಿಗಲಿಲ್ಲ. ಡಿಸೆಂಬರಿನಲ್ಲಿ ಪೋಲೀಸ್ ಅಧಿಕಾರಿಯೊಬ್ಬರು ಆವರಣದಲ್ಲಿಯೇ ಗುಂಡಿಗೆ ಬಲಿಯಾದಾಗ ಕೆಲವೇ ನಿಮಿಷಗಳಲ್ಲಿ ಎಚ್ಚರಿಕೆ ಹೊರಟಿತು. ಆಗಸ್ಟಿನದು ವೃಥಾ ಶ್ರಮವಾಯಿತೆಂದು ಕೆಲವರು ಎಣಿಸಿಯಾರು. ಸುಳ್ಳು ಎಚ್ಚರಿಕೆಗಳು ಹೆಚ್ಚಾದರೆ ಜನ ಕಿವಿಗೊಡದೆ ಹೋಗುವ ಅಪಾಯವೂ ಇದ್ದೇ ಇದೆ. ಆದರೂ ಒಂದು ಮಧ್ಯಾಹ್ನದ ಪಾಠ ತಪ್ಪುವ ನಷ್ಟವನ್ನೂ ೨೦೦೭ರ ನಷ್ಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆಂದು ನಮಗೆ ತಿಳಿಯದು.

ಆಪತ್ತಿನ ಮಾತು ಆಪತ್ತಿನ ಗಳಿಗೆಯಲ್ಲಿ ಮಾತ್ರ ಆರಂಭವಾಗುವುದಲ್ಲ. ಆ ವಿದ್ಯಾರ್ಥಿಯ ಮಾನಸಿಕ ಅಸ್ವಾಸ್ಥ್ಯದ ಕುರುಹುಗಳು ಒಂದೂವರೆ ವರ್ಷ ಮೊದಲೇ ಕಂಡಿದ್ದುವು. ಅವನು ಬರೆಯುತ್ತಿದ್ದುದನ್ನು ಕಂಡು ಇಂಗ್ಲಿಷ್ ವಿಭಾಗದ ಅಧ್ಯಾಪಕರು ಕಳವಳಗೊಂಡಿದ್ದರು. ಕವಯಿತ್ರಿ ನಿಕ್ಕಿ ಜಿಯೊವಾನಿ ಅವನನ್ನು ತಮ್ಮ ತರಗತಿಯಿಂದ ಬಿಡಿಸಬೇಕೆಂದು ಪಟ್ಟುಹಿಡಿದಿದ್ದರು. ವಿಭಾಗದ ಮುಖ್ಯಸ್ಥೆ ಅವನಿಗೆ ತಾವೇ ಪ್ರತ್ಯೇಕವಾಗಿ ಪಾಠ ಹೇಳಿದರು. ನಿಲಯದವರಿಗೆ ಕೆಲವು ಸಂಗತಿ ಗೊತ್ತಿತ್ತು, ಪೋಲೀಸರಿಗೆ ಕೆಲವು. ೨೦೦೫ರ ಡಿಸೆಂಬರಿನಲ್ಲಿ ಅವನು ಚಿಕಿತ್ಸೆ ಪಡೆಯಬೇಕೆಂದು ನ್ಯಾಯಾಧಿಕಾರಿಯ ಆಜ್ಞೆಯೂ ಆಗಿತ್ತು. ಇವೆಲ್ಲವನ್ನೂ ಒಂದೆಡೆ ಸೇರಿಸಿ ನೋಡಿದವರು ಯಾರೂ ಇರಲಿಲ್ಲ. ವಿದ್ಯಾರ್ಥಿಯ ಖಾಸಗಿ ವಿಷಯವನ್ನು ಹಂಚಿಕೊಳ್ಳಲು ಕಾನೂನು ಬಿಡುವುದಿಲ್ಲವೆಂದು ಅವರವರು ಎಣಿಸಿದ್ದರು. ಕಾನೂನು ಅಷ್ಟು ಬಿಗಿಯಾಗಿರಲಿಲ್ಲವೆಂದು ಸಮಿತಿ ತೋರಿಸಿಕೊಟ್ಟಿತು. ೨೦೦೮ರಲ್ಲಿ ವರ್ಜೀನಿಯಾ ರಾಜ್ಯ ತನ್ನ ಸರಕಾರಿ ಉನ್ನತ ವಿದ್ಯಾಸಂಸ್ಥೆಗಳೆಲ್ಲ, ಇಂಥ ಬಿಡಿ ಸಂಗತಿಗಳನ್ನು ಕೂಡಿಸಿ ನೋಡುವ ಮಂಡಲಿಯೊಂದನ್ನು ಹೊಂದಿರಬೇಕೆಂದು ವಿಧಿಸಿತು. ಇಲ್ಲಿ ಒಂದು ಎಚ್ಚರವೂ ಅಗತ್ಯ. ಮೌನಿಯಾದ, ಒಂಟಿಯಾದ ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಸಂಶಯದಿಂದ ನೋಡುವುದಕ್ಕೆ ಇದು ನೆಪವಾಗಬಾರದು. ಅಂಥವರಲ್ಲಿ ಹೆಚ್ಚಿನವರಿಗೆ ಅಪಾಯವಿರುವುದು ಅವರಿಂದ ಅವರಿಗೇ.

ಹಾಗೆಯೇ ಅದು ಆ ಗಳಿಗೆಯಲ್ಲಿ ಮುಗಿಯುವುದೂ ಇಲ್ಲ. ಮಕ್ಕಳನ್ನು ಹುಡುಕಿಕೊಂಡು ಬಂದ ತಂದೆತಾಯಿಗಳಿಗೆ ಸರಿಯಾದ ಸುದ್ದಿಯನ್ನು ಕೊಡುವ ಹೊಣೆಗಾರ ವ್ಯವಸ್ಥೆ ಬ್ಲಾಕ್ಸ್‌ಬರ್ಗಿನಲ್ಲಿ ಇರಲಿಲ್ಲವೆಂದು ಸಮಿತಿ ಟೀಕಿಸಿತು. ಪ್ರತಿ ಕುಟುಂಬಕ್ಕೂ ಒಬ್ಬರನ್ನು ಗೊತ್ತುಮಾಡಿ, ಸುದ್ದಿ ಇರಲಿ ಇಲ್ಲದಿರಲಿ, ಅವರ ಜೊತೆಯಲ್ಲಿ ಕೂರಿಸುವುದಕ್ಕೆ ಯಂತ್ರವೇನೂ ಬೇಕಾಗಿಲ್ಲ.

ಕೆಲವು ಆಪತ್ತುಗಳು ನಿಮಿಷಗಳವಲ್ಲ, ತಿಂಗಳುಗಳವು. ನ್ಯೂ ಆರ್ಲಿಯನ್ಸ್ ನಗರದ ಟುಲೇನ್ ವಿಶ್ವವಿದ್ಯಾನಿಲಯಕ್ಕೆ ೨೦೦೫ರ ಆಗಸ್ಟ್ ೨೭ರಂದು ಹೊಸ ವಿದ್ಯಾರ್ಥಿಗಳು ಹಾಸಿಗೆ ಪೆಟ್ಟಿಗೆಗಳೊಂದಿಗೆ ಬಂದಿಳಿಯುತ್ತಿದ್ದಂತೆಯೇ, ಕತ್ರೀನಾ ಚಂಡಮಾರುತದ ಕಾರಣದಿಂದ ಅಂದೇ ಹಿಂದಿರುಗಬೇಕೆಂದು ಅವರಿಗೆ ಹೇಳಲಾಯಿತು. ಹೋಗಲು ಸ್ಥಳವಿಲ್ಲದವರನ್ನು ಬಸ್ಸುಗಳಲ್ಲಿ ಮಿಸಿಸಿಪಿ ರಾಜ್ಯದ ಜಾಕ್ಸನ್ ನಗರಕ್ಕೆ ಸಾಗಿಸಿದರು. ನೀರು ನುಗ್ಗಿ ವಿಶ್ವವಿದ್ಯಾನಿಲಯ ಆ ಅರ್ಧವರ್ಷವಿಡೀ ಮುಚ್ಚಿತು. ಆಡಳಿತ ಟೆಕ್ಸಾಸಿನ ಹ್ಯೂಸ್ಟನ್ನಿನಿಂದ ನಡೆಯಿತು. ವಿದ್ಯಾರ್ಥಿಗಳು ದೇಶದ ನಾನಾ ವಿಶ್ವವಿದ್ಯ��ನಿಲಯಗಳಲ್ಲಿ ಓದು ಮುಂದುವರಿಸಿ, ೨೦೦೬ರ ಜನವರಿಯಲ್ಲಿ ಬಹುಪಾಲು ಹಿಂದಿರುಗಿದರು. ಮತ್ತೆ ತೆರೆಯುತ್ತೇವೆಂದು ಚದರಿದವರಿಗೆಲ್ಲ ಪದೇ ಪದೇ ಹೇಳುತ್ತ ಬಂದುದು ಅವರು ಮರಳಿದುದಕ್ಕೆ ಒಂದು ಕಾರಣವೆಂದು ನಾವು ಭಾವಿಸುತ್ತೇವೆ. ವಿಳಾಸಗಳ ಪಟ್ಟಿಯನ್ನು ಆವರಣದ ಒಂದೇ ಕೊಠಡಿಯಲ್ಲಿ ಇಡಬಾರದೆಂಬ ಪಾಠ ಇಲ್ಲಿದೆ.

ಈಗ ನಮ್ಮ ನಾಡಿನ ಮಾತು. ಬಂದೂಕಿನ ಹಾವಳಿ ನಮ್ಮ ಕಾಲೇಜುಗಳಲ್ಲಿಲ್ಲ. ಆದಕಾರಣ ಇದೆಲ್ಲ ನಮಗೆ ಸಂಬಂಧಿಸಿದುದಲ್ಲವೆಂದು ಕೆಲವರಿಗೆ ತೋರಬಹುದು. ೨೦೧೨ರ ಆಗಸ್ಟಿನ ನಡುವಣ ದಿನಗಳನ್ನು ನೆನೆದುಕೊಂಡರೆ ಹಾಗೆ ತೋರದು. ಅಸ್ಸಾಮಿನಲ್ಲಿ ನಡೆದ ಹಿಂಸಾಚಾರದ ಬೆನ್ನಲ್ಲೇ, ಈಶಾನ್ಯ ರಾಜ್ಯಗಳವರ ಮೇಲೆ ಬೆಂಗಳೂರಿನಲ್ಲಿ ದಾಳಿಯಾಗುವುದೆಂಬ ಗಾಳಿಸುದ್ದಿ ಮೊಬೈಲ್ ಸಂದೇಶಗಳಲ್ಲಿ ಹಬ್ಬಿತು. ವಿದ್ಯಾರ್ಥಿಗಳೂ ಕಾವಲುಗಾರರೂ ಹೋಟೆಲಿನ ಕೆಲಸಗಾರರೂ ಸೇರಿ ಸಾವಿರಾರು ಮಂದಿ ಕೈಗೆ ಸಿಕ್ಕಿದುದನ್ನು ಹಿಡಿದು ರೈಲ್ವೆ ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ರಾಜ್ಯದ ಮಂತ್ರಿಗಳು ನಿಲ್ದಾಣಕ್ಕೇ ಹೋಗಿ ಅಭಯ ನೀಡಿದರು. ಕೇಂದ್ರ ಸರಕಾರ ಕೆಲವು ದಿನಗಳ ಮಟ್ಟಿಗೆ ಒಟ್ಟೊಟ್ಟಾಗಿ ಸಂದೇಶ ಕಳಿಸುವುದಕ್ಕೆ ಮಿತಿ ಹಾಕಿತು. ರೈಲುಗಳು ಮಾತ್ರ ತುಂಬಿಯೇ ಹೋದುವು. ಮಂತ್ರಿಯ ಮಾತಿಗಿಂತ ಗೆಳೆಯನ ಸಂದೇಶಕ್ಕೆ ಬೆಲೆ ಬಂದುದೇಕೆ? ಊರಿನಿಂದ ಎರಡು ಸಾವಿರ ಮೈಲಿ ದೂರದಲ್ಲಿರುವ ಹುಡುಗನೊಬ್ಬ ಆ ರಾತ್ರಿ ನಂಬಬಹುದಾಗಿದ್ದುದು ತನ್ನ ಹೆಸರನ್ನು ಬಲ್ಲವರನ್ನು. ಅವನ ನಿಲಯದ ವಾರ್ಡನ್ನೋ ತರಗತಿಯ ಮೇಷ್ಟರೋ ಕೊಠಡಿಯ ಬಾಗಿಲು ತಟ್ಟಿ, ನಾವು ವಿಚಾರಿಸಿದ್ದೇವೆ, ಹೀಗಿದೆ, ನಾಳೆ ಬೆಳಿಗ್ಗೆ ಮತ್ತೆ ಬರುತ್ತೇನೆ ಎಂದು ಹೇಳುವ ಏರ್ಪಾಡು ಇರಬೇಕಾದುದು ಇಂಥ ರಾತ್ರಿಗಾಗಿ. ಅಂಥ ಮಾತಿಗೆ ಬೇಕಾದ ಪರಿಚಯ ಜೂನ್ ಜುಲೈ ತಿಂಗಳಿನಲ್ಲಿಯೇ ಆಗಿರಬೇಕು.

೨೦೨೦ರ ಮಹಾಮಾರಿಯ ಕಾಲದಲ್ಲಿಯೂ ಅಂತಿಮ ವರ್ಷದ ಪರೀಕ್ಷೆ ನಡೆಯುವುದೋ ಇಲ್ಲವೋ ಎಂದು ದೇಶದ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ತೂಗಾಡಿದರು. ಸೆಪ್ಟೆಂಬರಿನ ಒಳಗೆ ನಡೆಸತಕ್ಕುದೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಜುಲೈ ೬ರಂದು ಹೇಳಿತು, ಕೆಲವು ರಾಜ್ಯಗಳು ಒಪ್ಪಲಿಲ್ಲ, ಕಡೆಗೆ ಆಗಸ್ಟ್ ೨೮ರಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಆ ಅನಿಶ್ಚಯ ಕಾಲೇಜುಗಳ ಕೈಮೀರಿದುದು. ಆದರೆ ನಮಗೂ ಗೊತ್ತಿಲ್ಲ, ಗೊತ್ತಾದ ದಿನವೇ ತಿಳಿಸುತ್ತೇವೆ ಎಂದು ವಾರಕ್ಕೊಮ್ಮೆ ಹೇಳುವುದು ಕೈಮೀರಿದುದಾಗಿರಲಿಲ್ಲ.

ನಮ್ಮಲ್ಲಿ ಆಗಲೇ ಇರುವ ಸಾಧನಗಳು ಕಡಮೆಯಲ್ಲ. ರ‍್ಯಾಗಿಂಗ್ ತಡೆಗಾಗಿ ಆಯೋಗ ೨೦೦೯ರಲ್ಲಿ ಮಾಡಿದ ನಿಯಮಗಳಂತೆ, ಹೊಸದಾಗಿ ಸೇರಿದ ವಿದ್ಯಾರ್ಥಿಗೆ ಕಷ್ಟಕಾಲದಲ್ಲಿ ಯಾರ ಬಳಿಗೆ ಹೋಗಬೇಕೆಂಬ ವಿವರವುಳ್ಳ ಕರಪತ್ರವನ್ನು ಕೊಡಬೇಕು. ಅದೇ ಕರಪತ್ರದಲ್ಲಿ ಬೆಂಕಿಗೂ ರೋಗಕ್ಕೂ ಗಲಭೆಗೂ ಸಂಬಂಧಿಸಿದ ನಾಲ್ಕು ಸಾಲುಗಳನ್ನು ಸೇರಿಸಿದರೆ ಹೊಸ ವೆಚ್ಚವಿಲ್ಲ. ತರಗತಿಗೊಂದರಂತೆ ವಾಟ್ಸಾಪ್ ಬಳಗಗಳು ಎಲ್ಲೆಡೆಯೂ ಇವೆ; ಗಾಳಿಸುದ್ದಿ ಹರಿಯುವ ಕಾಲುವೆಗಳೂ ಅವೇ ಆದುದರಿಂದ, ಅಧಿಕೃತ ಮಾತು ಯಾವ ಸಂಖ್ಯೆಯಿಂದ ಬರುತ್ತದೆಂಬುದು ಎಲ್ಲರಿಗೂ ಮೊದಲೇ ಗೊತ್ತಿರಬೇಕು. ಮುಖ್ಯವಾಗಿ ತೀರ್ಮಾನವಾಗಬೇಕಾದುದು ಅಧಿಕಾರದ ವಿಷಯ. ಪ್ರಾಂಶುಪಾಲರು ಊರಿನಲ್ಲಿಲ್ಲ, ಕುಲಸಚಿವರು ಸಭೆಯಲ್ಲಿದ್ದಾರೆ, ರಸಾಯನಶಾಸ್ತ್ರದ ಪ್ರಯೋಗಶಾಲೆಯಿಂದ ಹೊಗೆ ಬರುತ್ತಿದೆ. ಆಗ ಯಾರ ಅಪ್ಪಣೆಯನ್ನೂ ಕೇಳದೆ ಎಲ್ಲರೂ ಹೊರಗೆ ಬನ್ನಿ ಎಂದು ಹೇಳುವ ಹಕ್ಕು ಯಾರಿಗಿದೆ? ಆತ ಹೇಳಿದುದು ತಪ್ಪಾದರೆ ಅವನಿಗೆ ನೋಟೀಸು ಹೋಗುವುದಿಲ್ಲವೆಂಬ ಭರವಸೆಯನ್ನು ಬರವಣಿಗೆಯಲ್ಲಿ ಕೊಟ್ಟವರು ಯಾರು?

ನಮ್ಮ ಎಷ್ಟೋ ಹಳೆಯ ಕಾಲೇಜುಗಳಲ್ಲಿ ಇನ್ನೂ ಕಂಚಿನ ಗಂಟೆ ತೂಗುಹಾಕಿದೆ. ವೇಳಾಪಟ್ಟಿಯಂತೆ ಅದನ್ನು ಬಾರಿಸುವ ಜವಾನನಿಗೆ, ಹೊಗೆ ಕಂಡೊಡನೆ ತಾನಾಗಿಯೇ ಬಾರಿಸಬಹುದೆಂದು ಹೇಳಿರುವ ಕಾಲೇಜುಗಳು ಎಷ್ಟಿವೆಯೆಂದು ವಿಚಾರಿಸಿ ನೋಡಬೇಕು. ವರ್ಷಕ್ಕೊಮ್ಮೆ, ನಿಲಯಗಳ ಪ್ರವೇಶ ಮುಗಿದ ವಾರದಲ್ಲಿ, ಮುಂದಾಗಿ ತಿಳಿಸಿಯೇ ಒಂದು ಅಪರಾಹ್ನ ಹೊತ್ತಲ್ಲದ ಹೊತ್ತಿನಲ್ಲಿ ಆ ಗಂಟೆಯನ್ನು ಬಾರಿಸಿ, ಸಂದೇಶವನ್ನು ಹೊರಡಿಸಿ, ಅತ್ಯಂತ ದೂರದ ಕೊಠಡಿಗೆ ಅದು ಎಷ್ಟು ನಿಮಿಷಗಳಲ್ಲಿ ತಲಪಿತೆಂದು ಬರೆದಿಟ್ಟುಕೊಳ್ಳಬಹುದು. ಕಚೇರಿಯ ಗೋಡೆಯ ಮೇಲಿರುವ ದೂರವಾಣಿ ಪಟ್ಟಿಯಲ್ಲಿ ವರ್ಗವಾಗಿ ಹೋದವರ, ನಿವೃತ್ತರಾದವರ ಸಂಖ್ಯೆಗಳು ಎಷ್ಟಿವೆಯೆಂಬುದು ಆ ಮಧ್ಯಾಹ್ನವೇ ಗೊತ್ತಾಗುತ್ತದೆ.